ಹೆಸರು ಕೆತ್ತದೆ ಹೋದ ಹಾಡುಗಾರ

ಅರಸೀಕೆರೆ ಜಂಕ್ಷನ್‌ನಲ್ಲಿ ರೈಲಿನಿಂದಿಳಿದು ಹಳೇಬೀಡು, ಬೇಲೂರುಗಳ ಹಾದಿ ಹಿಡಿಯುವ ಪ್ರವಾಸಿಗಳಲ್ಲಿ ಹೆಚ್ಚಿನವರು ಅಲ್ಲಿನ ಮೂರ್ತಿಗಳ ಮುಖ ನೋಡಿ ಬೆರಗಾಗುತ್ತಾರೆ. ಬಾಗಿ ಪಾದಪೀಠವನ್ನು ನೋಡುವವರು ಕಡಿಮೆ. ನೋಡಿದರೆ ಅಲ್ಲಲ್ಲಿ ಹಳೆಯ ಕನ್ನಡ ಲಿಪಿಯಲ್ಲಿ ಕೆತ್ತಿದ ಹೆಸರುಗಳು ಕಾಣಸಿಗುತ್ತವೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕಡೆದ ಶಿಲ್ಪಗಳ ಕೆಳಗೆ ತಮ್ಮ ಹೆಸರನ್ನು ದಾಖಲಿಸಿದ್ದಾರೆ. ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಲಕ್ಷ್ಮೀನರಸಿಂಹ ಗುಡಿಯಲ್ಲಿ ಮಲ್ಲಿತಮ್ಮನ ಅಂಕಿತವಿದೆ. ನಮ್ಮ ಪ್ರಾಚೀನ ಕಲಾವಿದರೆಲ್ಲ ಹೆಸರಿನ ಹಂಗು ತೊರೆದವರು ಎಂಬ ರೂಢಿಯ ಮಾತಿಗೆ ಹೊಯ್ಸಳ ಶಿಲ್ಪಿಗಳು ಅಪವಾದ. ಕೆಲಸ ತಮ್ಮದು, ಆದ್ದರಿಂದ ಹೆಸರೂ ತಮ್ಮದಿರಲಿ ಎಂಬ ನ್ಯಾಯವಾದ ಹಂಬಲ ಅವರಿಗಿತ್ತು.

ಆದರೆ ಜನರ ನೆನಪಿನ ರೀತಿಯೇ ಬೇರೆ. ಬೇಲೂರನ್ನು ಕಟ್ಟಿದವರು ಯಾರೆಂದು ಕೇಳಿದರೆ ಇಂದಿಗೂ ಬರುವ ಉತ್ತರ ಒಂದೇ: ಜಕಣಾಚಾರಿ. ಶಾಸನಗಳಲ್ಲಿ ಈ ಹೆಸರಿನ ಮಹಾಶಿಲ್ಪಿಗೆ ದೃಢವಾದ ಆಧಾರ ದೊರೆಯುವುದಿಲ್ಲ. ಕಲ್ಲಿನೊಳಗೆ ಕಪ್ಪೆಯಿದೆಯೆಂದು ತೋರಿಸಿಕೊಟ್ಟ ಮಗ ಡಂಕಣ, ತನ್ನ ಬಲಗೈಯನ್ನು ತಾನೇ ಕಡಿದುಕೊಂಡ ತಂದೆ, ಆ ಕೈ ಮರಳಿ ಬಂದ ಕೈದಾಳ - ಇವೆಲ್ಲ ಐತಿಹ್ಯದ ಸೊತ್ತು. 1964ರಲ್ಲಿ ಬಿ.ಎಸ್. ರಂಗಾ ಅವರು ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರವಾದ ‘ಅಮರಶಿಲ್ಪಿ ಜಕಣಾಚಾರಿ’ಯನ್ನು ತೆರೆಗೆ ತಂದ ಮೇಲೆ ಐತಿಹ್ಯದ ಆ ಶಿಲ್ಪಿಗೆ ಕಲ್ಯಾಣ್‌ಕುಮಾರ್ ಅವರ ಮುಖವೂ ಪ್ರಾಪ್ತವಾಯಿತು. ಹೆಸರು ಕೆತ್ತಿ ಹೋದ ದಾಸೋಜ, ಚಾವಣರನ್ನು ಬಲ್ಲವರು ಸಂಶೋಧಕರು ಮಾತ್ರ. ಅನೇಕ ಕೈಗಳ ದುಡಿಮೆಯನ್ನು ಒಂದು ಪ್ರಿಯವಾದ ಹೆಸರಿಗೆ, ಒಂದು ಪರಿಚಿತ ಮುಖಕ್ಕೆ ಒಪ್ಪಿಸಿ ನಿಶ್ಚಿಂತವಾಗುವುದು ಲೋಕದ ಸ್ವಭಾವ.

ಸಿನಿಮಾ ಈ ಸ್ವಭಾವವನ್ನೇ ಒಂದು ವೃತ್ತಿಯಾಗಿ ಮಾರ್ಪಡಿಸಿತು. ಅದಕ್ಕೆ ಹಿನ್ನೆಲೆ ಗಾಯನ ಎಂದು ಹೆಸರು. ಹಾಡುವವನೊಬ್ಬ, ತುಟಿಯಾಡಿಸುವವನು ಇನ್ನೊಬ್ಬ; ಕೇಳುಗ ಕೊಂಡಾಡುವುದು ಕಾಣುವವನನ್ನು. ಕನ್ನಡದಲ್ಲಿ ಈ ವೃತ್ತಿಯ ಏಳುಬೀಳುಗಳನ್ನು, ಅದರ ಘನತೆಯನ್ನೂ ಅದರ ಬೆಲೆಯನ್ನೂ, ಒಬ್ಬರ ಬಾಳಿನಲ್ಲಿ ಕಾಣಬೇಕೆಂದರೆ ಪಿ.ಬಿ. ಶ್ರೀನಿವಾಸ್ ಅವರ ಬಾಳನ್ನು ನೋಡಬೇಕು. ಸುಮಾರು ಒಂದೂವರೆ ದಶಕ ಕಾಲ ಅವರು ಕನ್ನಡ ನಾಡಿನ ಅತ್ಯಂತ ಪ್ರಸಿದ್ಧ ಮುಖಕ್ಕೆ ದನಿಯಾಗಿದ್ದರು. ಆ ಮುಖ ತನ್ನದೇ ದನಿಯನ್ನು ಕಂಡುಕೊಂಡ ದಿನ ಸದ್ದಿಲ್ಲದೆ ಪಕ್ಕಕ್ಕೆ ಸರಿದರು. ಸರಿದ ಆ ರೀತಿಯನ್ನು ನಾವು ಮೆಚ್ಚಿದ್ದೇವೆ. ಅದಕ್ಕೆ ಅವರು ತೆತ್ತದ್ದೆಷ್ಟು ಎಂಬುದನ್ನು ಅಷ್ಟಾಗಿ ಲೆಕ್ಕ ಹಾಕಿಲ್ಲ.

ಅವರು ಹುಟ್ಟಿದ್ದು 1930ರ ಸೆಪ್ಟೆಂಬರ್ 22ರಂದು, ಆಂಧ್ರದ ಕಾಕಿನಾಡದಲ್ಲಿ. ಹೆಸರಿನ ಮೊದಲ ಎರಡು ಅಕ್ಷರಗಳ ಹಿಂದಿರುವುದು ಪ್ರತಿವಾದಿ ಭಯಂಕರಂ ಎಂಬ ಮನೆತನದ ಹೆಸರು. ಶ್ರೀವೈಷ್ಣವ ಪರಂಪರೆಯ ಒಬ್ಬ ಮಹಾವಿದ್ವಾಂಸರಿಗೆ ವಾದದಲ್ಲಿ ಎದುರಾಳಿಗಳನ್ನು ಗೆದ್ದುದಕ್ಕೆ ಸಂದ ಬಿರುದು ಅದು. ತಿರುಪತಿಯ ವೆಂಕಟೇಶ ಸುಪ್ರಭಾತವನ್ನು ರಚಿಸಿದವರೂ ಅವರೇ ಎಂದು ಸಂಪ್ರದಾಯ ಹೇಳುತ್ತದೆ. ಇಂಥ ಗುಡುಗಿನಂಥ ಬಿರುದನ್ನು ಹೊತ್ತ ಮನೆತನದಲ್ಲಿ ದಕ್ಷಿಣ ಭಾರತದ ಅತ್ಯಂತ ಮೃದುವಾದ ಗಂಡುದನಿ ಹುಟ್ಟಿತು. ತಂದೆ ಸರ್ಕಾರಿ ನೌಕರಿಯಲ್ಲಿದ್ದವರು. ಮಗ ಓದಿ, ಕೆಲಸ ಹಿಡಿದು, ನೆಲೆ ನಿಲ್ಲಲಿ ಎಂಬುದು ಮಧ್ಯಮ ವರ್ಗದ ಎಲ್ಲ ತಂದೆಯರ ಆಸೆಯಂತೆ ಅವರದ್ದೂ ಆಗಿತ್ತು. ಮಗ ವಾಣಿಜ್ಯ ಪದವಿ ಪಡೆದು ತಂದೆಯ ಮಾತನ್ನು ನಡೆಸಿಕೊಟ್ಟ. ಮನಸ್ಸನ್ನು ಮಾತ್ರ ಹಾಡಿನಲ್ಲೇ ಇಟ್ಟ.

ಈ ಹಂತದ ಒಂದು ಕಥೆ ಪ್ರಸಿದ್ಧ. ಮಗನ ಹಟಕ್ಕೆ ಮಣಿಯುವ ಮುನ್ನ ತಂದೆ ಜ್ಯೋತಿಷಿಯೊಬ್ಬರ ಬಳಿ ಜಾತಕ ತೋರಿಸಿದರಂತೆ. ಸಂಗೀತದಲ್ಲಿ ಇವನಿಗೆ ಏಳಿಗೆಯಿಲ್ಲವೆಂದು ಜ್ಯೋತಿಷಿ ತೀರ್ಪಿತ್ತರಂತೆ. ಯುವಕ ಜಾತಕವನ್ನು ಮಡಿಚಿಟ್ಟು ಮದರಾಸಿಗೆ ನಡೆದ. ಅಲ್ಲಿ ಕುಟುಂಬಕ್ಕೆ ಪರಿಚಿತರಾಗಿದ್ದ ವೀಣಾ ವಿದ್ವಾಂಸ ಈಮನಿ ಶಂಕರಶಾಸ್ತ್ರಿಗಳು ಜೆಮಿನಿ ಸ್ಟುಡಿಯೋದ ಸಂಗೀತ ವಿಭಾಗದಲ್ಲಿದ್ದರು. ಅವರ ಆಸರೆಯಿಂದ 1952ರಲ್ಲಿ ಎಸ್.ಎಸ್. ವಾಸನ್ ಅವರ ಹಿಂದಿ ಚಿತ್ರ ‘ಮಿಸ್ಟರ್ ಸಂಪತ್’ನಲ್ಲಿ ಹಾಡುವ ಮೊದಲ ಅವಕಾಶ ಒದಗಿತು. ಮೈಸೂರಿನ ಆರ್.ಕೆ. ನಾರಾಯಣ್ ಅವರ ಕಾದಂಬರಿಯನ್ನು ಆಧರಿಸಿದ ಚಿತ್ರವದು. ಹೀಗೆ ಅವರ ಚಿತ್ರಜೀವನದ ಮೊದಲ ಹೆಜ್ಜೆಯಲ್ಲೇ ಕನ್ನಡ ನೆಲದ ಒಂದು ಕಥೆಯಿತ್ತು. ಮರುವರ್ಷ ಅವರನ್ನು ಕನ್ನಡಕ್ಕೆ ಕರೆತಂದ ಚಿತ್ರ ಆರ್. ನಾಗೇಂದ್ರರಾಯರದು, ಹೆಸರು ‘ಜಾತಕಫಲ’. ಜಾತಕ ಸುಳ್ಳಾದ ಗಾಯಕನಿಗೆ ಇದಕ್ಕಿಂತ ಒಪ್ಪುವ ಪ್ರವೇಶವನ್ನು ಯಾವ ಕಥೆಗಾರನೂ ಕಟ್ಟಲಾರ.

ಅವರು ಕಾಲಿಟ್ಟಾಗ ಕನ್ನಡ ಚಿತ್ರರಂಗದಲ್ಲಿ ಹಿನ್ನೆಲೆ ಗಾಯನ ಇನ್ನೂ ಹೊಸ ಪದ್ಧತಿ. ಭಾರತದಲ್ಲಿ ಅದು ಆರಂಭವಾದದ್ದು 1935ರ ಸುಮಾರಿಗೆ, ಕಲ್ಕತ್ತೆಯಲ್ಲಿ. ಅದರ ಹಿಂದಿನ ವರ್ಷ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದಲ್ಲಿ ನಟಿಸಿದವರೇ ಹಾಡಿದ್ದರು. ವೃತ್ತಿ ರಂಗಭೂಮಿಯಿಂದ ಬಂದ ನಮ್ಮ ನಟರಿಗೆ ಹಾಡು ನಟನೆಯ ಒಂದು ಅಂಗವಾಗಿತ್ತು. ಸುಬ್ಬಯ್ಯನಾಯ್ಡು, ಹೊನ್ನಪ್ಪ ಭಾಗವತರ್ ಆ ಪರಂಪರೆಯವರು. ಗುಬ್ಬಿ ಕಂಪೆನಿಯಲ್ಲಿ ಬೆಳೆದ ಮುತ್ತುರಾಜ ಕೂಡ ಹಾಡಬಲ್ಲ ನಟನೇ. ಆದರೂ 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ಅವರು ರಾಜ್‌ಕುಮಾರ್ ಎಂಬ ಹೊಸ ಹೆಸರಿನಲ್ಲಿ ತೆರೆಗೆ ಬಂದಾಗ ಹಾಡಿನ ದನಿ ತಮಿಳಿನ ಸಿ.ಎಸ್. ಜಯರಾಮನ್ ಅವರದಾಗಿತ್ತು. ಮುಂದೆ ಘಂಟಸಾಲ ಹಾಡಿದರು. ಕೆಲವೆಡೆ ರಾಜ್ ತಾವೇ ಹಾಡಿದರು. ಯಾವ ದನಿಯೂ ಅವರ ಮೈಗೆ ಪೂರ್ತಿಯಾಗಿ ಹೊಂದಿಕೊಂಡು ನಿಲ್ಲಲಿಲ್ಲ.

ಹೊಂದಿಕೆಯಾದದ್ದು 1960ರ ‘ಭಕ್ತ ಕನಕದಾಸ’ದಲ್ಲಿ. ಎಂ. ವೆಂಕಟರಾಜು ಅವರ ಸಂಗೀತದ ಆ ಚಿತ್ರದಲ್ಲಿ ಉಡುಪಿಯ ಮುಚ್ಚಿದ ಬಾಗಿಲ ಮುಂದೆ ನಿಂತ ಕನಕನ ಮೊರೆ ಶ್ರೀನಿವಾಸರ ಕಂಠದಿಂದ ಹೊರಟಾಗ ಅದು ರಾಜ್‌ಕುಮಾರ್ ಅವರದಲ್ಲವೆಂದು ನಂಬುವುದೇ ಕಷ್ಟವಾಯಿತು. ದನಿಯೆತ್ತರಿಸಿ ಕೂಗದೆ, ಬೇಡಿಕೆಯನ್ನು ಒಳಗೇ ಕರಗಿಸಿ ಹಾಡುವ ಆ ಬಗೆ ನಟನ ತಗ್ಗಿದ ಕಣ್ಣುಗಳಿಗೆ, ಮುಗಿದ ಕೈಗಳಿಗೆ ಸಹಜವಾಗಿ ಕೂಡಿಕೊಂಡಿತು. ಅಲ್ಲಿಂದ ಮುಂದೆ ‘ಸಂತ ತುಕಾರಾಂ’, ‘ಮಂತ್ರಾಲಯ ಮಹಾತ್ಮೆ’ಗಳಂಥ ಭಕ್ತಿಚಿತ್ರಗಳಲ್ಲಿ, ‘ಸಾಕ್ಷಾತ್ಕಾರ’ದ ಪ್ರೇಮಿಯಲ್ಲಿ, ‘ಕಸ್ತೂರಿ ನಿವಾಸ’ದ ಎಲ್ಲ ಕೊಟ್ಟು ಬರಿಗೈಯಾದ ದಾನಿಯಲ್ಲಿ, ‘ಬಂಗಾರದ ಮನುಷ್ಯ’ದ ರೈತ ರಾಜೀವಪ್ಪನಲ್ಲಿ ಮುಖ ಒಬ್ಬರದು, ಉಸಿರು ಇನ್ನೊಬ್ಬರದು. 1972ರಲ್ಲಿ ಬಿಡುಗಡೆಯಾದ ‘ಬಂಗಾರದ ಮನುಷ್ಯ’ ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅಷ್ಟು ಕಾಲ ಜನ ಮತ್ತೆ ಮತ್ತೆ ಹೋಗಿ ಕೇಳಿದ್ದು ಜಿ.ಕೆ. ವೆಂಕಟೇಶ್ ಅವರ ಸಂಗೀತದಲ್ಲಿ ಶ್ರೀನಿವಾಸರು ಹಾಡಿದ ಹಾಡುಗಳನ್ನು.

ಈ ಹೊಂದಾಣಿಕೆಯ ಗುಟ್ಟು ಕೇವಲ ಕಂಠಸಾಮ್ಯದಲ್ಲಿರಲಿಲ್ಲ. ಅಂದಿನ ಕನ್ನಡ ಚಿತ್ರಗಳು ಬಹುಪಾಲು ತಯಾರಾಗುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. ಬಿಡಿಬಿಡಿಯಾಗಿ ಹಾಡಿ ಆಮೇಲೆ ಜೋಡಿಸುವ ಅನುಕೂಲ ಆಗ ಇರಲಿಲ್ಲ. ವಾದ್ಯವೃಂದ, ಗಾಯಕ, ಗಾಯಕಿ ಎಲ್ಲರೂ ಒಟ್ಟಿಗೆ ನಿಂತು ಹಾಡು ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಮುಗಿಸಬೇಕು. ಪಿಟೀಲಿನವನೊಬ್ಬ ತಪ್ಪಿದರೂ ಮತ್ತೆ ಮೊದಲಿನಿಂದ. ಇಂಥ ಏರ್ಪಾಡಿನಲ್ಲಿ ಗಟ್ಟಿದನಿಯವರಿಗೆ ಅನುಕೂಲ ಹೆಚ್ಚು. ಶ್ರೀನಿವಾಸರದು ಮಂದ್ರದಲ್ಲಿ ಅರಳುವ ಕಂಠ. ತಾರಸ್ಥಾಯಿಯ ಸಾಹಸ ಅದರ ಬಲವಲ್ಲ. ಅವರು ಮೈಕ್ರೋಫೋನನ್ನು ಎದುರಿಗಿರುವ ಸಭೆಯೆಂದು ಭಾವಿಸದೆ, ಹತ್ತಿರ ಕುಳಿತ ಒಬ್ಬ ಆಪ್ತನ ಕಿವಿಯೆಂದು ಭಾವಿಸಿದವರಂತೆ ಹಾಡಿದರು. ನಾಟಕಶಾಲೆಯ ಕೊನೆಯ ಸಾಲಿಗೂ ಕೇಳಿಸಬೇಕೆಂದು ಎತ್ತಿ ಹಾಡುತ್ತಿದ್ದ ಪದ್ಧತಿಯಿಂದ ಕನ್ನಡ ಚಿತ್ರಗೀತೆ ಬಿಡಿಸಿಕೊಂಡು, ಮಾತಿನ ಆಪ್ತತೆಗೆ ಹತ್ತಿರವಾದದ್ದರಲ್ಲಿ ಅವರ ಪಾತ್ರ ದೊಡ್ಡದು.

ಇನ್ನೊಂದು ಸಂಗತಿ, ಅವರ ಕನ್ನಡ. ಮನೆಮಾತು ತೆಲುಗು, ವಾಸ ತಮಿಳು ನೆಲದಲ್ಲಿ. ಆದರೂ ಅವರ ಹಾಡುಗಳಲ್ಲಿ ಅಲ್ಪಪ್ರಾಣ-ಮಹಾಪ್ರಾಣಗಳಾಗಲಿ, ಳಕಾರ-ಣಕಾರಗಳಾಗಲಿ ತಪ್ಪಿದ್ದನ್ನು ಹುಡುಕಿ ತೆಗೆಯಬೇಕು. ಭಾಷೆ ಅವರಿಗೆ ಹಾಡಿನ ವಾಹನ ಮಾತ್ರವಾಗಿರಲಿಲ್ಲ. ಸ್ವತಃ ಎಂಟು ಭಾಷೆಗಳಲ್ಲಿ ಪದ್ಯ ಬರೆಯಬಲ್ಲವರಾಗಿದ್ದ ಅವರಿಗೆ ಪದದ ತೂಕ ಗೊತ್ತಿತ್ತು. ಪುಟ್ಟಣ್ಣ ಕಣಗಾಲರ ‘ಶರಪಂಜರ’ದಲ್ಲಿ ಬೇಂದ್ರೆಯವರ ಕವಿತೆಯೊಂದನ್ನು ಪಿ. ಸುಶೀಲ ಅವರೊಂದಿಗೆ ಹಾಡಿದಾಗ, ಬೇಂದ್ರೆಯವರ ಪದಗಳ ಕುಣಿತಕ್ಕೆ ಕಾಕಿನಾಡದ ಗಾಯಕ ತೊಡಕಿಲ್ಲದೆ ಹೆಜ್ಜೆ ಹಾಕಿದರು. ಅದಕ್ಕೂ ಮೊದಲು, 1964ರಲ್ಲಿ ಎನ್. ಲಕ್ಷ್ಮೀನಾರಾಯಣ್ ಅವರು ಕಿವಿ ಕೇಳದ, ಮಾತು ಬಾರದ ಜೀವಗಳ ಬವಣೆಯನ್ನು ಕುರಿತು ‘ನಾಂದಿ’ಯನ್ನು ಮಾಡಿದಾಗ ಆ ಚಿತ್ರಕ್ಕೂ ಅವರದೇ ದನಿ ಬೇಕಾಯಿತು. ಕೇಳದ ಕಿವಿಗಳನ್ನು ಕುರಿತ ಚಿತ್ರಕ್ಕೆ ಹಾಡುವುದೆಂದರೆ ಕರುಣೆ ಉಕ್ಕಿ ಹರಿಯುವ ಅಪಾಯವುಂಟು. ಅವರ ಗಾಯನದಲ್ಲಿ ಅದು ತುಳುಕದೆ ತುಂಬಿ ನಿಂತಿದೆ.

1973ರ ‘ಗಂಧದ ಗುಡಿ’ಯ ವಿಷಯ ಹೇಳದೆ ಈ ಮಾತು ಪೂರ್ಣವಾಗದು. ರಾಜನ್-ನಾಗೇಂದ್ರರ ಸಂಗೀತದಲ್ಲಿ ಆ ಚಿತ್ರಕ್ಕೆ ಶ್ರೀನಿವಾಸರು ಹಾಡಿದ ನಾಡಿನ ಹಾಡು ರಾಜ್ಯೋತ್ಸವದ ಪೆಂಡಾಲುಗಳಲ್ಲಿ, ಶಾಲಾ ವಾರ್ಷಿಕೋತ್ಸವಗಳಲ್ಲಿ, ಹೊರನಾಡ ಕನ್ನಡಿಗರ ಕೂಟಗಳಲ್ಲಿ ಅರ್ಧ ಶತಮಾನದಿಂದ ಮೊಳಗುತ್ತಿದೆ. ರಾಜ್ಯ ‘ಕರ್ನಾಟಕ’ವೆಂದು ಹೆಸರಾದ ವರ್ಷವೇ ಬಂದ ಹಾಡದು. ಕನ್ನಡಿಗರ ಅಭಿಮಾನಕ್ಕೆ ದನಿಯಾದವರು ತೆಲುಗು ಮನೆಮಾತಿನವರು. ಭಾಷಾಭಿಮಾನ ಹುಟ್ಟಿನಿಂದ ಮಾತ್ರ ಬರುತ್ತದೆಂದು ನಂಬುವವರು ಈ ಒಂದು ಹಾಡಿನ ಮುಂದೆ ಸ್ವಲ್ಪ ಹೊತ್ತು ಯೋಚಿಸುವುದು ಒಳ್ಳೆಯದು.

ಕನ್ನಡ ಅವರನ್ನು ಇಷ್ಟು ಗಾಢವಾಗಿ ಅಪ್ಪಿಕೊಂಡದ್ದಕ್ಕೆ ಹೊರಗಿನ ಕಾರಣವೂ ಇತ್ತು. ತಮ್ಮದೇ ಭಾಷೆಯಾದ ತೆಲುಗಿನಲ್ಲಿ ಅದು ಘಂಟಸಾಲ ಯುಗ. ಅಲ್ಲಿ ಇನ್ನೊಬ್ಬ ಗಾಯಕನಿಗೆ ಜಾಗ ಕಿರಿದಾಗಿತ್ತು. ತಮಿಳಿನಲ್ಲಿ ಟಿ.ಎಂ. ಸೌಂದರರಾಜನ್ ಅವರ ಕಂಚಿನ ಕಂಠ ಎಂ.ಜಿ.ಆರ್., ಶಿವಾಜಿ ಗಣೇಶನ್ ಇಬ್ಬರನ್ನೂ ಆವರಿಸಿತ್ತು. ಜೆಮಿನಿ ಗಣೇಶನ್ ಅವರ ಮೃದು ಪ್ರೇಮಿಯ ಪಾತ್ರಗಳಿಗೆ ಮಾತ್ರ ಶ್ರೀನಿವಾಸರೇ ಬೇಕಾದರು. ಅರುವತ್ತರ ದಶಕದ ‘ಪಾವ ಮನ್ನಿಪ್ಪು’, ‘ಸುಮೈತಾಂಗಿ’ ಚಿತ್ರಗಳ ಹಾಡುಗಳನ್ನು ತಮಿಳರು ಇಂದಿಗೂ ಮರೆತಿಲ್ಲ. ಹಿಂದಿಯಲ್ಲಿ ಲತಾ ಮಂಗೇಶ್ಕರ್ ಅವರೊಂದಿಗೂ ಹಾಡಿದರು. ಆದರೆ ಒಂದು ಇಡೀ ಜನಸಮುದಾಯದ ನಾಯಕನ ದನಿಯಾಗುವ ಭಾಗ್ಯ ಅವರಿಗೆ ದೊರೆತದ್ದು ಕನ್ನಡದಲ್ಲಿ ಮಾತ್ರ. ಕಲ್ಯಾಣ್‌ಕುಮಾರ್, ಉದಯಕುಮಾರ್, ರಾಜೇಶ್ ಮೊದಲಾದವರಿಗೂ ಅವರು ಹಾಡಿದರು. ‘ನಾಗರಹಾವು’ವಿನಲ್ಲಿ ಯುವಕ ವಿಷ್ಣುವರ್ಧನ್ ಅವರ ಮೊದಲ ಪ್ರೇಮಕ್ಕೂ, ಚಿತ್ರದುರ್ಗದ ಓಬವ್ವನ ಕಥನಕ್ಕೂ ಅವರದೇ ದನಿ.

ಇಲ್ಲಿ ಈ ವೃತ್ತಿಯ ಒಳಲೆಕ್ಕವನ್ನು ಸ್ವಲ್ಪ ನೋಡಬೇಕು. 1949ರಲ್ಲಿ ‘ಮಹಲ್’ ಚಿತ್ರದ ಹಾಡು ದೇಶವನ್ನೆಲ್ಲ ಮರುಳುಮಾಡಿದಾಗ ಗ್ರಾಮಫೋನ್ ತಟ್ಟೆಯ ಮೇಲೆ ಗಾಯಕಿಯ ಹೆಸರೆಂದು ಅಚ್ಚಾಗಿದ್ದುದು ಕಾಮಿನಿ ಎಂದು. ಅದು ಕಥೆಯ ಪಾತ್ರದ ಹೆಸರು. ಹಾಡಿದ್ದ ಲತಾ ಮಂಗೇಶ್ಕರ್ ಅವರ ಹೆಸರು ತಟ್ಟೆಯ ಮೇಲಿರಲಿಲ್ಲ. ಫಿಲ್ಮ್‌ಫೇರ್ ಪ್ರಶಸ್ತಿಗಳು 1954ರಲ್ಲಿ ಆರಂಭವಾದರೂ ಗಾಯಕರಿಗೆ ಅಲ್ಲೊಂದು ಪ್ರಶಸ್ತಿ ಏರ್ಪಟ್ಟದ್ದು 1959ರಲ್ಲಿ. ಅರುವತ್ತರ ದಶಕದಲ್ಲಿ ರಾಯಧನದ ಪ್ರಶ್ನೆಯ ಮೇಲೆ ಲತಾ ಮತ್ತು ಮಹಮ್ಮದ್ ರಫಿ ನಡುವೆ ಭಿನ್ನಾಭಿಪ್ರಾಯ ಹುಟ್ಟಿ ಕೆಲವು ವರ್ಷ ಇಬ್ಬರೂ ಜೊತೆಯಾಗಿ ಹಾಡಲಿಲ್ಲ. ತಟ್ಟೆ ಮಾರಾಟವಾಗುತ್ತಿರುವವರೆಗೆ ಹಾಡಿದವರಿಗೂ ಪಾಲು ಬೇಕೆಂಬುದು ಲತಾ ಅವರ ನಿಲುವು. ಹಾಡಿ ಸಂಭಾವನೆ ಪಡೆದ ಮೇಲೆ ಲೆಕ್ಕ ಮುಗಿಯಿತೆಂಬುದು ರಫಿ ಅವರದು. ಮುಂಬಯಿಯ ದೊಡ್ಡ ಮಾರುಕಟ್ಟೆಯಲ್ಲೇ ಸ್ಥಿತಿ ಹೀಗಿದ್ದಾಗ ಕನ್ನಡದ ಸಣ್ಣ ಮಾರುಕಟ್ಟೆಯ ಗಾಯಕನ ಪಾಡನ್ನು ಊಹಿಸಬಹುದು. ಹಾಡಿಗೆ ಇಷ್ಟೆಂದು ಒಮ್ಮೆ ಕೊಟ್ಟರೆ ಮುಗಿಯಿತು. ಹಾಡು ಐವತ್ತು ವರ್ಷ ಬಾಳಿದರೂ ಹಾಡಿದವನಿಗೆ ಅದರ ಫಲವಿಲ್ಲ. ನಾಳೆಯ ಅನ್ನ ನಾಳೆಯ ಹಾಡಿನಿಂದಲೇ ಬರಬೇಕು.

ಈ ಹಿನ್ನೆಲೆಯಲ್ಲಿ 1974ನ್ನು ನೋಡಬೇಕು. ಎ.ವಿ. ಶೇಷಗಿರಿರಾವ್ ನಿರ್ದೇಶನದ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ, ಎಮ್ಮೆಯ ಬೆನ್ನೇರಿ ಬರುವ ನಾಯಕನ ಹಾಡನ್ನು ಜಿ.ಕೆ. ವೆಂಕಟೇಶ್ ಅವರು ರಾಜ್‌ಕುಮಾರ್ ಅವರಿಂದಲೇ ಹಾಡಿಸಿದರು. ಜನ ಹುಚ್ಚೆದ್ದು ಕೇಳಿದರು. ಅದೇ ವರ್ಷದ ‘ಎರಡು ಕನಸು’ ಚಿತ್ರದಲ್ಲಿ ರಾಜ್ ಅವರಿಗೆ ಶ್ರೀನಿವಾಸರು ವಾಣಿ ಜಯರಾಂ ಅವರೊಂದಿಗೆ ಹಾಡಿದ ಯುಗಳಗೀತೆ ಈ ಜೋಡಿಯ ಅತ್ಯುತ್ತಮ ಹಾಡುಗಳಲ್ಲೊಂದು. ಅಂದರೆ ದನಿಯಲ್ಲಿ ಕುಂದು ಬಂದು ಅವರು ಹಿಂದೆ ಸರಿದದ್ದಲ್ಲ. 1975ರ ‘ಮಯೂರ’ದಲ್ಲಿಯೂ ಅವರ ಹಾಡಿದೆ. ಆದರೆ ದಾರಿ ಕವಲೊಡೆದಿತ್ತು. ಮುಂದಿನ ವರ್ಷಗಳಲ್ಲಿ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಉಳಿದ ನಾಯಕರಿಗೆ ಹಾಡಲು ಎಸ್.ಪಿ. ಬಾಲಸುಬ್ರಹ್ಮಣ್ಯಂ ಎಂಬ ಹೊಸ ಪ್ರವಾಹ ಆಗಲೇ ಧುಮುಕಿತ್ತು. ನಲವತ್ತೈದರ ಆಸುಪಾಸಿನಲ್ಲಿ, ಗಾಯಕನೊಬ್ಬನ ಕಂಠ ಪಕ್ವವಾಗುವ ವಯಸ್ಸಿನಲ್ಲಿ, ಶ್ರೀನಿವಾಸರ ಕೆಲಸದ ಬಹುದೊಡ್ಡ ಪಾಲು ಕೈಬಿಟ್ಟುಹೋಯಿತು.

ರಾಜ್‌ಕುಮಾರ್ ಮಾಡಿದ್ದು ತಪ್ಪೇ? ಹಾಗೆನ್ನಲಾಗದು. ರಂಗಭೂಮಿ ಅವರಿಗೆ ಕಲಿಸಿದ್ದ ವಿದ್ಯೆಯನ್ನು ಸಿನಿಮಾ ಇಪ್ಪತ್ತು ವರ್ಷ ತಡೆಹಿಡಿದಿತ್ತು. ಅವರು ತಮ್ಮದನ್ನು ಮರಳಿ ಪಡೆದರು ಅಷ್ಟೆ. ‘ಜೀವನ ಚೈತ್ರ’ದ ಹಾಡಿಗೆ ಅವರಿಗೆ ಶ್ರೇಷ್ಠ ಗಾಯಕರೆಂಬ ರಾಷ್ಟ್ರಪ್ರಶಸ್ತಿ ಬಂದದ್ದು ಆ ವಿದ್ಯೆಗೆ ಸಂದ ಮನ್ನಣೆ. ತಾವು ಶರೀರವಾದರೆ ಶ್ರೀನಿವಾಸರು ಶಾರೀರವೆಂದು ಹೇಳಿ ಋಣವನ್ನು ಬಹಿರಂಗವಾಗಿ ಒಪ್ಪಿಕೊಳ್ಳುವ ಸೌಜನ್ಯವೂ ಅವರಲ್ಲಿತ್ತು. ಶ್ರೀನಿವಾಸರ ಕಡೆಯಿಂದ ಕಹಿಯಾದ ಒಂದು ಮಾತು ಸಾರ್ವಜನಿಕವಾಗಿ ಬರಲಿಲ್ಲ. ಅವರು ರಾಜ್ ಗಾಯನವನ್ನು ಮೆಚ್ಚಿಯೇ ಮಾತಾಡಿದರು. ಇಬ್ಬರ ಸ್ನೇಹ ಕೊನೆಯವರೆಗೆ ಉಳಿಯಿತು.

ಇದನ್ನು ನಾವು ತ್ಯಾಗವೆಂದು ಹೊಗಳಿ ಸುಮ್ಮನಾಗುತ್ತೇವೆ. ಆ ಹೊಗಳಿಕೆಯಲ್ಲಿ ನಮ್ಮ ಅನುಕೂಲವೂ ಅಡಗಿದೆ. ತ್ಯಾಗವೆಂದೊಡನೆ ಯಾರೂ ಏನನ್ನೂ ತೀರಿಸಬೇಕಾಗಿಲ್ಲ. ನಿಜದಲ್ಲಿ ಇಲ್ಲಿದ್ದದ್ದು ಒಂದು ವೃತ್ತಿಯ ರಚನೆಯಲ್ಲೇ ಇದ್ದ ದೋಷ. ನಟನೊಬ್ಬ ತನ್ನ ದಾರಿ ಬದಲಿಸಿದರೆ ಗಾಯಕನ ಬದುಕಿಗೆ ಆಧಾರವೇ ಇಲ್ಲವೆಂಬಂಥ ಏರ್ಪಾಡಿನಲ್ಲಿ ಅವರು ಹದಿನೈದು ವರ್ಷ ದುಡಿದಿದ್ದರು. ಆ ದುಡಿಮೆಯ ಫಲ ಧ್ವನಿಮುದ್ರಿಕೆ ಕಂಪೆನಿಗೆ, ನಿರ್ಮಾಪಕರಿಗೆ, ಚಿತ್ರಮಂದಿರಗಳಿಗೆ ಸಂದಾಯವಾಗುತ್ತಲೇ ಇತ್ತು. ಶ್ರೀನಿವಾಸರ ಸಜ್ಜನಿಕೆ ದೊಡ್ಡದು, ಸಂದೇಹವಿಲ್ಲ. ಆದರೆ ಅವರ ಜಾಗದಲ್ಲಿ ಅಷ್ಟು ಸಜ್ಜನರಲ್ಲದ ಒಬ್ಬರಿದ್ದು, ದನಿಯೆತ್ತಿ ಕೇಳಿದ್ದರೆ, ಆ ಕೇಳಿಕೆಯೂ ನ್ಯಾಯವೇ ಆಗಿರುತ್ತಿತ್ತು. ಬೇಲೂರಿನ ಚಾವಣ ಕಲ್ಲಿನಲ್ಲಿ ಹೆಸರು ಕೆತ್ತಿದ್ದನ್ನು ನಾವು ಅಹಂಕಾರವೆನ್ನುವುದಿಲ್ಲ.

ಮುಂದಿನ ಮೂರೂವರೆ ದಶಕಗಳ ಶ್ರೀನಿವಾಸರನ್ನು ಮದರಾಸಿನ ಜನ ಬೇರೆಯೇ ರೂಪದಲ್ಲಿ ಬಲ್ಲರು. ತಲೆಯ ಮೇಲೆ ಜರಿಯ ಟೋಪಿ, ಹೆಗಲಿಗೆ ಶಾಲು, ಜೇಬಿನ ತುಂಬ ಬಣ್ಣಬಣ್ಣದ ಲೇಖನಿಗಳು, ಕೈಯಲ್ಲಿ ಕಾಗದದ ಕಟ್ಟು. ಕೆಥೆಡ್ರಲ್ ರಸ್ತೆಯಲ್ಲಿದ್ದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲು 2008ರಲ್ಲಿ ಮುಚ್ಚುವವರೆಗೂ ಅದೇ ಅವರ ಬರವಣಿಗೆಯ ಕೋಣೆ. ಕಾಫಿಯ ಲೋಟ ಮುಂದಿಟ್ಟುಕೊಂಡು ತೆಲುಗು, ಕನ್ನಡ, ತಮಿಳು, ಸಂಸ್ಕೃತ, ಉರ್ದು, ಹಿಂದಿ ಹೀಗೆ ಒಂದರಿಂದ ಒಂದಕ್ಕೆ ಹೊರಳುತ್ತ ಪದ್ಯಗಳನ್ನು ಬರೆಯುತ್ತಿದ್ದರು. ಗಜಲ್ ಅವರಿಗೆ ಪ್ರಿಯವಾದ ಪ್ರಕಾರ. ನವನೀತ ಸುಮಸುಧಾ ಎಂಬ ಹೊಸ ರಾಗವೊಂದನ್ನು ಕಲ್ಪಿಸಿದರು. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ಇಂಗ್ಲಿಷಿನಲ್ಲಿ ಹಾಡು ಬರೆದು, ಎಸ್. ಜಾನಕಿ ಅವರನ್ನು ಜೊತೆಗೂಡಿಸಿಕೊಂಡು ಧ್ವನಿಮುದ್ರಿಸಿದ ಉತ್ಸಾಹಿ ಅವರು. ಆ ಉತ್ಸಾಹ ಇಳಿವಯಸ್ಸಿನಲ್ಲಿಯೂ ಬತ್ತಲಿಲ್ಲ. ಗುರುತು ಹಿಡಿದು ಬಂದ ಅಪರಿಚಿತರಿಗೂ ಅಲ್ಲೇ ಒಂದು ಪದ್ಯ ಬರೆದುಕೊಡುವಷ್ಟು ಧಾರಾಳತನವಿತ್ತು.

ಬೇರೆಯವರ ತುಟಿಗೆ ಬದುಕಿಡೀ ಪದ ಒದಗಿಸಿದವರು ಕೊನೆಗೆ ಸ್ವಂತ ಪದಗಳ ಆಸರೆ ಪಡೆದರೆಂದು ಇದನ್ನು ಓದಬಹುದು. ಆದರೆ ಹಾಡಬಲ್ಲ ಕಂಠವೊಂದು ಹೋಟೆಲಿನ ಮೇಜಿನ ಮುಂದೆ ಅಷ್ಟು ವರ್ಷ ಬರೆಯುತ್ತ ಕುಳಿತಿತ್ತು ಎಂಬ ಮಾತೂ ಅಷ್ಟೇ ನಿಜ. ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟಿತು, ತಮಿಳುನಾಡು ಕಲೈಮಾಮಣಿ ಎಂದು ಕರೆಯಿತು. ಕೇಂದ್ರ ಸರ್ಕಾರದ ಪದ್ಮ ಪ್ರಶಸ್ತಿಗಳ ಪಟ್ಟಿಯಲ್ಲಿ ಅವರ ಹೆಸ‌ರು ಕೊನೆಯವರೆಗೂ ಕಾಣಲಿಲ್ಲ. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡರು. ಏಳು ವರ್ಷಗಳ ನಂತರ, ಅದೇ ಏಪ್ರಿಲ್ ತಿಂಗಳ 14ರಂದು, ಶ್ರೀನಿವಾಸರು ಚೆನ್ನೈಯಲ್ಲಿ ಕಣ್ಣುಮುಚ್ಚಿದರು. ಅವರಿಗಾಗ 82 ವರ್ಷ.

ಅವರು ತೀರಿಕೊಳ್ಳುವುದಕ್ಕೆ ಒಂದು ವರ್ಷ ಮೊದಲು, 2012ರಲ್ಲಿ, ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ ಮಹತ್ವದ ತಿದ್ದುಪಡಿ ಬಂತು. ಹಾಡು ವಾಣಿಜ್ಯ ಬಳಕೆಯಾದಾಗ ಅದನ್ನು ಹಾಡಿದವರಿಗೂ ರಾಯಧನದ ಹಕ್ಕಿದೆಯೆಂದು ಕಾನೂನು ಮೊದಲ ಬಾರಿಗೆ ಸ್ಪಷ್ಟವಾಗಿ ಒಪ್ಪಿತು. ಲತಾ ಮಂಗೇಶ್ಕರ್ ಎತ್ತಿದ್ದ ಪ್ರಶ್ನೆಗೆ ಉತ್ತರ ಸಿಗಲು ಅರ್ಧ ಶತಮಾನ ಬೇಕಾಯಿತು. ಗಾಯಕರ ಹಕ್ಕುಗಳನ್ನು ನೋಡಿಕೊಳ್ಳಲು ಅವರದೇ ಸಂಘವೂ ಹುಟ್ಟಿಕೊಂಡಿತು. ಆದರೆ ತಮ್ಮ ಬಹುಪಾಲು ಹಾಡುಗಳನ್ನು 1975ರೊಳಗೆ ಹಾಡಿ ಮುಗಿಸಿದ್ದ ಒಂದು ತಲೆಮಾರಿಗೆ ಇದು ಬೆಳೆ ಒಣಗಿದ ಮೇಲೆ ಬಂದ ಮಳೆ.

ಹಣದ ಲೆಕ್ಕವನ್ನು ಕಾನೂನು ನೋಡಿಕೊಳ್ಳಲಿ. ಹೆಸರಿನ ಲೆಕ್ಕ ನಮ್ಮದು. ಇಂದು ಎಫ್.ಎಂ. ಬಾನುಲಿಯಲ್ಲಿ, ಮೊಬೈಲಿನ ಹಾಡುಗಳ ಪಟ್ಟಿಗಳಲ್ಲಿ ಈ ಗೀತೆಗಳು ಸಾಮಾನ್ಯವಾಗಿ ಬರುವುದು ರಾಜ್‌ಕುಮಾರ್ ಹಿಟ್ಸ್ ಎಂಬ ತಲೆಬರಹದಡಿ. ಹೊಸ ಪೀಳಿಗೆಯ ಎಷ್ಟೋ ಮಂದಿ ‘ಕಸ್ತೂರಿ ನಿವಾಸ’ದ ಹಾಡನ್ನೂ ‘ಜೀವನ ಚೈತ್ರ’ದ ಹಾಡನ್ನೂ ಒಬ್ಬರೇ ಹಾಡಿದ್ದೆಂದು ತಿಳಿದಿದ್ದಾರೆ. ಹಾಗೆ ತಿಳಿಯುವಂತೆ ಹಾಡುವುದೇ ಹಿನ್ನೆಲೆ ಗಾಯಕನ ಗೆಲುವು ಎನ್ನಬಹುದು. ಗೆಲುವೇ ಅಳಿವಿಗೆ ದಾರಿಯಾಗುವ ಕಲೆ ಇದೊಂದೇ ಇರಬೇಕು. ಆಕಾಶವಾಣಿ ತನ್ನ ಚಿತ್ರಗೀತೆಗಳ ಕಾರ್ಯಕ್ರಮಗಳಲ್ಲಿ ಚಿತ್ರ, ಸಾಹಿತ್ಯ, ಸಂಗೀತ, ಗಾಯಕರು ಎಂದು ಎಲ್ಲರ ಹೆಸರನ್ನೂ ಓದಿ ಆಮೇಲೆ ಹಾಡು ಹಾಕುತ್ತಿದ್ದ ಶಿಸ್ತು ಸಣ್ಣದೆಂದು ಕಂಡೀತು. ಹಳ್ಳಿಯ ಕೇಳುಗನಿಗೂ ಪಿ.ಬಿ. ಶ್ರೀನಿವಾಸ್ ಎಂಬ ಹೆಸರು ಬಾಯಿಪಾಠವಾದದ್ದು ಆ ಶಿಸ್ತಿನಿಂದ. ಖಾಸಗಿ ವಾಹಿನಿಗಳಿಗೂ ಅಂತರ್ಜಾಲದ ಸಂಗೀತ ಸಂಸ್ಥೆಗಳಿಗೂ ಇದು ಖರ್ಚಿಲ್ಲದ ಕೆಲಸ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಗೌರವದ ಹಿಂದಿನ ವಾದಗಳಿಗೆ ಬಲ ಕೊಟ್ಟದ್ದು ಶಿಲ್ಪಗಳ ಚೆಲುವೊಂದೇ ಅಲ್ಲ. ಇವುಗಳನ್ನು ಇಂಥವರು ಕಡೆದರೆಂದು ಹೇಳಬಲ್ಲ ಅಂಕಿತಗಳೂ ಈ ಗುಡಿಗಳ ವೈಶಿಷ್ಟ್ಯವೆಂದು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಕಲ್ಲು ಒಂಬೈನೂರು ವರ್ಷ ಹೆಸರನ್ನು ಕಾಪಾಡಿಕೊಂಡಿತು. ದನಿಗೆ ಪಾದಪೀಠವಿಲ್ಲ. ಹಾಡು ಗಾಳಿಯಲ್ಲಿ ಹೋಗುತ್ತದೆ, ಜೊತೆಗೆ ಹೋಗಬೇಕಾದ ಹೆಸರನ್ನು ಕೇಳಿದವರು ಹೇಳಿಯೇ ಉಳಿಸಬೇಕು. ಈ ನವೆಂಬರಿನಲ್ಲಿ ಯಾವುದಾದರೂ ಊರಿನ ವೇದಿಕೆಯಲ್ಲಿ ‘ಗಂಧದ ಗುಡಿ’ಯ ಆ ಹಾಡು ಶುರುವಾಗುವ ಮುನ್ನ ನಿರೂಪಕರು ಒಂದು ವಾಕ್ಯ ಹೆಚ್ಚು ಹೇಳಲಿ: ಇದನ್ನು ಹಾಡಿದವರು ಕಾಕಿನಾಡದಿಂದ ಬಂದು ಕನ್ನಡದ ದನಿಯಾದ ಪಿ.ಬಿ. ಶ್ರೀನಿವಾಸ್.